ಹತ್ತು ನಿಮಿಷಕ್ಕೆ ಮಲಗುವ ಕಂಪ್ಯೂಟರ್

2015ನೇ ಇಸವಿ ನವೆಂಬರ್ 17, ಮಂಗಳವಾರ, ಬೆಳಿಗ್ಗೆ 6 ಗಂಟೆ 40 ನಿಮಿಷಕ್ಕೆ ಕೆಳಮನೆಯ ಕುಮುದ ಮೆಟ್ಟಿಲ ಬುಡದಲ್ಲಿ ನಿಂತು ನನ್ನನ್ನು ಕರೆದಳು. ಅವಳ ಕೈಯಲ್ಲಿ ಒಂದು ಸ್ಟೀಲಿನ ಬಟ್ಟಲಿತ್ತು. ನಾನು ಇಳಿದು ಬಂದಾಗ ಅದನ್ನು ಸ್ವಲ್ಪ ಓರೆ ಮಾಡಿ ತೋರಿಸಿದಳು. ಹಿಂದಿನ ಸಂಜೆ ಏಳಕ್ಕೆ ಹೆಪ್ಪು ಹಾಕಿಟ್ಟ ಹಾಲು ಹಾಲಾಗಿಯೇ ಇತ್ತು. ಬಟ್ಟಲ ಹೊರಮೈ ಮುಟ್ಟಿ ನೋಡಿದೆ. ಇನ್ನೂ ಉಗುರುಬೆಚ್ಚಗಿತ್ತು.

"ರಾತ್ರಿಯೆಲ್ಲ ಅದು ಮಲಗಿಬಿಟ್ಟಿದೆ ಟೀಚರ್," ಎಂದಳು.

ಅದು ಎಂದರೆ ಅವಳ ಗಂಡ ತಿಪ್ಪೇಶ ಹಿಂದಿನ ದಿನವಷ್ಟೇ ತಂದು ತೊಟ್ಟಿಲ ಕೋಣೆಯಲ್ಲಿ ಇರಿಸಿದ್ದ ಕಂಪ್ಯೂಟರ್.

ನಮ್ಮ ಊರಿನಲ್ಲಿ, ಎಚ್ಚರವಾಗಿರುವವರು ಯಾರೂ ಇಲ್ಲದ ಕೋಣೆಯಲ್ಲಿ ಯಾವುದೂ ಮುಂದಕ್ಕೆ ಸಾಗುವುದಿಲ್ಲ. ಹಾಲು ಹೆಪ್ಪಾಗುವುದಿಲ್ಲ, ಹಿಟ್ಟು ಹುದುಗುವುದಿಲ್ಲ, ಬಾಳೆಕಾಯಿ ಹಣ್ಣಾಗುವುದಿಲ್ಲ, ಒದ್ದೆ ಬಟ್ಟೆ ಆರುವುದಿಲ್ಲ. ಗಡಿಯಾರ ನಿಂತಲ್ಲೇ ನಿಲ್ಲುತ್ತದೆ. ಯಾರಾದರೂ ಕಣ್ಣು ಬಿಟ್ಟರೆ ಅಲ್ಲಿಂದಲೇ ಮುಂದುವರಿಯುತ್ತದೆ. ಮಲಗಿದವರು ಮಾತ್ರ ತಮ್ಮ ಹೊತ್ತಿಗೆ ತಾವು ಏಳುತ್ತಾರೆ. ಬೆಳಿಗ್ಗೆ ಎದ್ದು, ಆರಕ್ಕೆ ಪುರಸಭೆಯ ಸೈರನ್ ಕೂಗಿದಾಗ ಗಡಿಯಾರದ ಮುಳ್ಳು ತಿರುಗಿಸಿಕೊಳ್ಳುವುದು ನಮಗೆ ಹಲ್ಲುಜ್ಜಿದಷ್ಟೇ ಸಹಜ. ಹೊರಗಿನಿಂದ ಬಂದ ನೆಂಟರು ಒಂದೆರಡು ದಿನ ಬೆರಗಾಗುತ್ತಾರೆ, ಆಮೇಲೆ ಅವರೂ ಮುಳ್ಳು ತಿರುಗಿಸುತ್ತಾರೆ. ನಾನು ಇಲ್ಲಿಯ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಪಠ್ಯಪುಸ್ತಕ ಬೇರೆ ಊರಿನಲ್ಲಿ ಅಚ್ಚಾಗುತ್ತದೆ, ಹಾಗಾಗಿ ಈ ವಿಷಯ ಅದರಲ್ಲಿಲ್ಲ. ಮಕ್ಕಳೂ ಕೇಳುವುದಿಲ್ಲ.

ಯಾವುದು ಎಚ್ಚರ, ಯಾವುದು ಅಲ್ಲ ಎಂಬುದು ಮಾತ್ರ ಎಲ್ಲರಿಗೂ ಗೊತ್ತು. ದೀಪ ಉರಿಯುತ್ತಿದ್ದರೆ ಅದು ಎಚ್ಚರವಲ್ಲ. ನಾಯಿ ಎದ್ದಿದ್ದರೆ ಮೊಸರು ಅರೆಬರೆ ಆಗುತ್ತದೆ, ವಾಸನೆಯೂ ಬೇರೆ. ಟಿವಿ ಲೆಕ್ಕಕ್ಕಿಲ್ಲ, ಅದು ತನ್ನಷ್ಟಕ್ಕೆ ಹೇಳುತ್ತಿರುತ್ತದೆ, ಯಾರು ಕೇಳಿದರೂ ಬಿಟ್ಟರೂ ಅದಕ್ಕೆ ಒಂದೇ. ಮೊಬೈಲ್ ಫೋನು ಎದ್ದಿರುವುದಿಲ್ಲ, ಆಗಾಗ ಬೆಚ್ಚಿಬೀಳುತ್ತದೆ ಅಷ್ಟೆ. ಕಂಪ್ಯೂಟರ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ಪರದೆ ಬೆಳಗಿಸಿಕೊಂಡು, ಯಾರಾದರೂ ಬಂದು ಏನಾದರೂ ಹೇಳಲಿ ಎಂದು ಅದು ಕಾಯುತ್ತಿರುತ್ತದೆ. ಇದನ್ನು ಮೊದಲು ಕಂಡುಕೊಂಡದ್ದು ಸಂತೆಬೀದಿಯ ಇಡ್ಲಿ ಹೋಟೆಲಿನವರು. ಅದಕ್ಕೂ ಮುಂಚೆ ಹಿಟ್ಟಿಗಾಗಿ, ಮೊಸರಿಗಾಗಿ ಮನೆಮನೆಯಲ್ಲೂ ಒಬ್ಬರು ಸರದಿಯಂತೆ ಎಚ್ಚರ ಕೂರುತ್ತಿದ್ದರು. ಈಗ ಊರಿನ ಮುಕ್ಕಾಲು ಅಡುಗೆಮನೆಗಳಲ್ಲಿ ಮಸಿಹಿಡಿದ ಹಳೆಯ ಕಂಪ್ಯೂಟರ್ ಒಂದು ಒಗ್ಗರಣೆ ಡಬ್ಬಿಯ ಪಕ್ಕ ಕೂತು ಎಚ್ಚರ ಕಾಯುತ್ತದೆ. ಅದರಲ್ಲಿ ಬೇರೆ ಕೆಲಸ ಮಾಡುವವರನ್ನು ನಾನು ಹೆಚ್ಚು ಕಂಡಿಲ್ಲ.

ಕುಮುದಳ ಮನೆಗೆ ಅದು ಬಂದದ್ದು ಮೊಸರಿಗಾಗಿ ಅಲ್ಲ. ಅಕ್ಟೋಬರಿನಲ್ಲಿ, ತಿಂಗಳು ತುಂಬುವ ಮೊದಲೇ ಅವಳಿಗೆ ಹೆಣ್ಣುಮಗು ಹುಟ್ಟಿತ್ತು. ಹುಟ್ಟಿದಾಗ ಎರಡು ಕಿಲೋ ಕೂಡ ಇರಲಿಲ್ಲ. ಸಾಮಾನ್ಯವಾಗಿ ನಮ್ಮಲ್ಲಿ ಮಕ್ಕಳು ಮನೆಯವರು ಎದ್ದಿರುವಷ್ಟು ಹೊತ್ತು ಬೆಳೆಯುತ್ತವೆ, ಉಳಿದ ಹೊತ್ತು ಹಾಗೇ ಇರುತ್ತವೆ. ಬೇರೆ ಊರಿನವಕ್ಕಿಂತ ನಿಧಾನವಾಗಿ ನಡೆಯಲು ಕಲಿಯುತ್ತವೆ, ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಆದರೆ ಈ ಕೂಸಿಗೆ ಅಷ್ಟು ಪುರುಸೊತ್ತು ಇರಲಿಲ್ಲ. ಡಿಸೆಂಬರ್ ಮುಗಿಯುವ ಹೊತ್ತಿಗೆ ಕೆರೆಯ ಕಡೆಯಿಂದ ಕಾವಳ ಏಳುತ್ತದೆ. ಒಮ್ಮೆ ಬೀದಿಗೆ ಇಳಿದರೆ ತಿಂಗಳುಗಟ್ಟಲೆ ಆ ಮಂಜು ಮನೆಯೊಳಗೂ ತೇವ ತುಂಬುತ್ತದೆ. ಪ್ರತಿ ಮಂಗಳವಾರ ತೂಕ ನೋಡಲು ಬರುವ ಆರೋಗ್ಯ ಕೇಂದ್ರದ ಸಿಸ್ಟರ್ ಫಿಲೋಮಿನಾ ಸ್ಪಷ್ಟವಾಗಿ ಹೇಳಿದ್ದರು: ಕಾವಳ ಇಳಿಯುವುದರೊಳಗೆ ಎರಡೂವರೆ ಕಿಲೋ ಆಗಬೇಕು, ಇಲ್ಲದಿದ್ದರೆ ಈ ಎದೆ ಅದನ್ನು ತಡೆಯುವುದಿಲ್ಲ. ಹೊರಗಿನ ದೊಡ್ಡಾಸ್ಪತ್ರೆಗೆ ಒಯ್ಯೋಣವೆಂದರೆ ಘಟ್ಟದ ದಾರಿಯಲ್ಲಿ ಇಡೀ ಹಗಲಿನ ಪ್ರಯಾಣ; ಅದಕ್ಕೂ ಇಷ್ಟೇ ತೂಕ ಬೇಕು. ಹಿಂದಿನ ವರ್ಷ ಇಂಥದೇ ಕೂಸಿದ್ದ ಕೋಡಿಬೀದಿಯ ಮನೆಯೊಂದರಲ್ಲಿ ಏನಾಯಿತೆಂದು ಸಿಸ್ಟರ್ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಅಂದರೆ ಕೂಸು ರಾತ್ರಿಯೂ ಬೆಳೆಯಬೇಕಿತ್ತು. ಮೊದಲ ವಾರ ಬೀದಿಯ ಹೆಂಗಸರು ಸರದಿಯಲ್ಲಿ ಬಂದು ಎಚ್ಚರ ಕೂತರು. ಕಂಪ್ಯೂಟರುಗಳು ಬಂದ ಮೇಲೆ ಆ ಅಭ್ಯಾಸ ಊರಿಗೇ ತಪ್ಪಿಹೋಗಿತ್ತು. ಹಾಡು ಹೇಳಿಕೊಂಡು, ಅಕ್ಕಿ ಆರಿಸಿಕೊಂಡು ಬೆಳಗು ಮಾಡುವ ವಿದ್ಯೆ ಮುದುಕಿಯರಿಗೆ ಮಾತ್ರ ಗೊತ್ತಿತ್ತು, ಮುದುಕಿಯರಿಗೆ ಈಗ ಮೈಯಲ್ಲಿ ಶಕ್ತಿಯಿರಲಿಲ್ಲ. ನಾನೂ ಒಂದು ಸರದಿ ಕೂತು, ಉತ್ತರಪತ್ರಿಕೆಗಳ ಕಟ್ಟಿನ ಮೇಲೆ ತಲೆಯಿಟ್ಟು ನಿದ್ದೆ ಹೋದೆ. ಆಮೇಲೆ ಕುಮುದ, ಅವಳ ಅತ್ತೆ ಓಬಮ್ಮ ಇಬ್ಬರೇ ಉಳಿದರು. ತಿಪ್ಪೇಶ ಊರಿನ ಬಸ್ಸಿನ ಡ್ರೈವರು; ವಾರದಲ್ಲಿ ನಾಲ್ಕು ರಾತ್ರಿ ಘಟ್ಟದ ಕೆಳಗಿರುತ್ತಿದ್ದ. ನಿದ್ದೆಗೆಟ್ಟ ಕುಮುದಳ ಎದೆಹಾಲು ಕಡಿಮೆಯಾಗತೊಡಗಿತು. ಓಬಮ್ಮ ತೊಟ್ಟಿಲ ಹಗ್ಗ ಹಿಡಿದೇ ನಿದ್ದೆ ಹೋಗಿ ಕೆಳಗೆ ಬಿದ್ದು ಮೊಣಕೈ ಊದಿಸಿಕೊಂಡರು. ಆಗ ತಿಪ್ಪೇಶ, ಮುಚ್ಚಿಹೋದ ಬೀಜ ನಿಗಮದ ಉಗ್ರಾಣದಲ್ಲಿ ಮಿಕ್ಕಿದ್ದ ಒಂದು ಕಂಪ್ಯೂಟರನ್ನು ಕೇಳಿ ತಂದ. ಅಂಗಡಿಯಲ್ಲಿ ಹೊಸದಕ್ಕೂ ಹೆಸರು ಬರೆಸಿದ್ದ. ಅದು ಬರುವಷ್ಟರಲ್ಲಿ ಸಂಕ್ರಾಂತಿ ಕಳೆಯುತ್ತದೆ ಎಂದಿದ್ದರು.

ಆ ಮಂಗಳವಾರ ಸಿಸ್ಟರ್ ತೂಕದ ಜೋಳಿಗೆಯಲ್ಲಿ ಕೂಸನ್ನು ಮಲಗಿಸಿ ತಕ್ಕಡಿಯ ಮುಳ್ಳು ನೋಡಿದರು. ಒಂದು ಕಿಲೋ ಒಂಬೈನೂರ ಇಪ್ಪತ್ತು ಗ್ರಾಂ. ಕಾರ್ಡಿನಲ್ಲಿ ಹೆಸರಿನ ಜಾಗದಲ್ಲಿ 'ಕುಮುದಳ ಕೂಸು' ಎಂದೇ ಇತ್ತು.

ಕೂಸಿಗೆ ಹೆಸರಿಡದಿರಲು ಕಾರಣವಿತ್ತು. ಹುಟ್ಟಿದ ಮಗು ಎಷ್ಟೇ ಕಣ್ಣು ಬಿಟ್ಟುಕೊಂಡಿದ್ದರೂ ಅದರ ಎಚ್ಚರ ನಮ್ಮಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಯಾವುದೋ ಒಂದು ದಿನ ಬರತೊಡಗುತ್ತದೆ. ಕೆಲವಕ್ಕೆ ಎರಡು ತಿಂಗಳಿಗೆ, ಕೆಲವಕ್ಕೆ ಐದಕ್ಕೆ. ಹಿಂದೆ ಮಗುವಿನ ಪಕ್ಕ ಹೆಪ್ಪು ಹಾಕಿದ ಹಾಲಿಟ್ಟು, ದೊಡ್ಡವರೆಲ್ಲ ಹೊರಬಂದು ಬಾಗಿಲು ಹಾಕಿ ನೋಡುತ್ತಿದ್ದರಂತೆ. ಹಾಲು ಮೊಸರಾದ ದಿನ ಮಗುವಿಗೆ ಎಚ್ಚರ ಸೇರಿತು ಎಂದು ಹೆಸರಿಡುತ್ತಿದ್ದರು. ಈಗ ಎಲ್ಲ ಕೋಣೆಗಳಲ್ಲೂ ಏನಾದರೊಂದು ಎದ್ದೇ ಇರುವುದರಿಂದ ಮಗುವಿನ ಎಚ್ಚರ ಯಾವತ್ತು ಸೇರಿತೆಂದು ಯಾರಿಗೂ ತಿಳಿಯುವುದಿಲ್ಲ. ಜನ ಕ್ಯಾಲೆಂಡರ್ ನೋಡಿ ಮೂರನೇ ತಿಂಗಳಿಗೆ ಹೆಸರಿಟ್ಟು ಊಟ ಹಾಕುತ್ತಾರೆ.

ಸಂಜೆ ಕಾಲೇಜಿನಿಂದ ಬಂದವಳೇ ಆ ಕಂಪ್ಯೂಟರಿನ ಮುಂದೆ ಕೂತೆ. ಮಲಗುವ ಸಮಯವನ್ನು ಬದಲಿಸುವ ಪುಟ ಸುಲಭವಾಗಿ ಸಿಕ್ಕಿತು. 'ಇಷ್ಟು ಹೊತ್ತು ಬಳಸದಿದ್ದರೆ ನಿದ್ರೆಗೆ ಹೋಗು' ಎಂಬುದರ ಎದುರು ಹತ್ತು ನಿಮಿಷ ಎಂದಿತ್ತು. ಅದನ್ನು 'ಎಂದೂ ಇಲ್ಲ' ಎಂದು ಮಾಡಬೇಕು, ಅಷ್ಟೆ. ಆದರೆ ಆ ಸಾಲು ಬೂದುಬಣ್ಣಕ್ಕೆ ತಿರುಗಿತ್ತು, ಒತ್ತಿದರೆ ಅಲುಗಲಿಲ್ಲ. ಮೇಲ್ಗಡೆ ಕೆಂಪಕ್ಷರದಲ್ಲಿ ಒಂದು ಮಾತು: ಈ ಆಯ್ಕೆಗಳಲ್ಲಿ ಕೆಲವನ್ನು ನಿಮ್ಮ ಸಂಸ್ಥೆ ನೋಡಿಕೊಳ್ಳುತ್ತಿದೆ.

ಓಬಮ್ಮ ಬಾಗಿಲಲ್ಲಿ ನಿಂತು, ಏನಂತೆ ಎಂದು ಕೇಳಿದರು. ಹೇಳಿದೆ.

"ಯಾವ ಸಂಸ್ಥೆ? ಆ ನಿಗಮ ಬಾಗ್ಲಾಕ್ಕೊಂಡು ಆರು ವರ್ಸಾತಲ್ಲ."

"ಹೌದು. ಇದಕ್ಕೆ ಅದು ಗೊತ್ತಿಲ್ಲ."

"ಧಣಿ ಸತ್ರೂ ಆಳಿಗೆ ಬುದ್ಧಿ ಬರ್ಲಿಲ್ಲ ಅನ್ನು," ಎಂದು ಅವರು ತೊಟ್ಟಿಲ ಕಡೆ ಹೋದರು.

ಮುಂದಿನ ಕೆಲವು ಸಂಜೆಗಳನ್ನು ನಾನು ಅದರ ಮುಂದೆ ಕಳೆದೆ. ವಿದ್ಯುತ್ ಉಳಿತಾಯದ ಬೇರೆ ಯೋಜನೆ ಆರಿಸಿದೆ. ಆರಿಸಲು ಬಿಟ್ಟಿತು, ಆದರೆ ಅದರೊಳಗೂ ಅದೇ ಹತ್ತು ನಿಮಿಷ ಬೂದುಬಣ್ಣದಲ್ಲಿ ಕೂತಿತ್ತು. ಹೊಸ ಬಳಕೆದಾರರ ಹೆಸರು ಸೇರಿಸಹೋದೆ. ಮೇಲ್ವಿಚಾರಕರ ಪಾಸ್‌ವರ್ಡ್ ಕೇಳಿತು. ಕಪ್ಪು ಕಿಟಕಿ ತೆರೆದು ಆಜ್ಞೆ ಟೈಪು ಮಾಡಿದೆ. ನಿಮಗೆ ಅನುಮತಿಯಿಲ್ಲ ಎಂದಿತು. ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಬಿಡಿ ಎಂದು ಅಂಗಡಿಯವನು ಸಿಡಿ ಕೊಟ್ಟ. ಸಿಡಿಯನ್ನು ಓದುವ ಮೊದಲೇ, ಯಂತ್ರ ಶುರುವಾಗುವ ಹಂತದಲ್ಲೇ ಮತ್ತೊಂದು ಪಾಸ್‌ವರ್ಡ್ ಅಡ್ಡಬಂತು. ಬಿಚ್ಚಿ ಒಳಗಿನದನ್ನು ಬದಲಿಸಲು ಡಬ್ಬದ ಹಿಂದೆ ನಿಗಮದ ಬೀಗವೊಂದು ಬೇರೆ ಇತ್ತು. ಒಡೆಯಬಹುದಿತ್ತು. ಒಡೆದರೆ ಈಗಿನ ಹತ್ತು ನಿಮಿಷವೂ ಹೋದೀತೆಂದು ತಿಪ್ಪೇಶ ಒಪ್ಪಲಿಲ್ಲ.

ಆ ಹತ್ತು ನಿಮಿಷದ್ದೂ ಒಂದು ಲೆಕ್ಕವಿತ್ತು. ಕುಮುದ ರಾತ್ರಿ ಹಾಲೂಡಿಸಲು ಎದ್ದಾಗಲೆಲ್ಲ, ಮತ್ತೆ ಮಲಗುವ ಮುಂಚೆ ಮೌಸನ್ನು ಅಲುಗಿಸುತ್ತಿದ್ದಳು. ಅವಳು ಕಣ್ಣು ಮುಚ್ಚಿದ ಮೇಲೆ ಕೋಣೆ ಇನ್ನು ಹತ್ತು ನಿಮಿಷ ನಡೆಯುತ್ತಿತ್ತು. ಇದನ್ನು ಅವಳು ನನಗೆ ಹೇಳಿದ್ದು ಲಾಭದ ವಿಷಯ ಹೇಳುವ ದನಿಯಲ್ಲಿ.

ಬಗ್ಗಿಸಲಾಗದಿದ್ದರೆ ಮೋಸ ಮಾಡೋಣವೆಂದು ನೋಡಿದೆವು. ಉದ್ದನೆಯ ಸಿನಿಮಾ ಹಾಕಿದೆವು. ನಾಯಕ ಇನ್ನೂ ಹಳ್ಳಿಯಲ್ಲಿರುವಾಗಲೇ ಪರದೆ ಆರಿತು. ಕೀಲಿಮಣೆಯ ಮೇಲೆ ರುಬ್ಬುವ ಗುಂಡಿನ ಸಣ್ಣ ಚೂರನ್ನು ಇಟ್ಟೆವು. ಯಂತ್ರ ಸ್ವಲ್ಪ ಹೊತ್ತು ಕೀ ಕೀ ಎಂದು ದೂರಿ, ಇದು ಮನುಷ್ಯರ ಬೆರಳಲ್ಲವೆಂದು ತೀರ್ಮಾನಿಸಿದಂತೆ ಸುಮ್ಮನಾಯಿತು. ತಿರುಗುವ ಫ್ಯಾನಿನ ಕತ್ತಿಗೆ ದಾರ ಕಟ್ಟಿ ಮೌಸನ್ನು ಎಳೆಸುವ ಯೋಚನೆ ತಿಪ್ಪೇಶನದು. ಬಾಣಂತಿ ಕೋಣೆಯಲ್ಲಿ ಫ್ಯಾನು ಹಾಕುವವನ ಮುಖ ನೋಡಬೇಕು ಎಂದು ಓಬಮ್ಮ ಅಂದದ್ದರಿಂದ ಅದು ಅಲ್ಲಿಗೇ ನಿಂತಿತು.

"ಕೂಲಿಗ್ ಬಂದೋಳ ಹಂಗೆ ಆಡುತ್ತೆ," ಎಂದರು ಓಬಮ್ಮ. "ನೋಡ್ತಾ ನಿಂತ್ರೆ ಕೆಲ್ಸ, ಬೆನ್ ತಿರುಗಿಸಿದ್ರೆ ನಿದ್ದೆ."

ಆ ಭಾನುವಾರ ತಿಪ್ಪೇಶ, ಬೀಗ ಹಾಕಿದವರೇ ಇದ್ದಾರಂತೆ, ಕೇಳಿಬರೋಣ ಎಂದ. ನಿಗಮದಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ವಾಮನ ನಾಡಿಗರು ಉಗ್ರಾಣದ ಹಿಂದಿನ ಓಣಿಯಲ್ಲೇ ಇದ್ದರು. ಜಗಲಿಯ ಮೇಲೆ ಕೂತು ಬಿಸಿಲಿಗೆ ಕಾಲು ಚಾಚಿದ್ದರು. ನಾವು ಬಂದ ಕಾರಣ ಕೇಳಿ ಅವರಿಗೆ ಒಂದು ಬಗೆಯ ಸಂತೋಷವಾದಂತಿತ್ತು.

"ಇನ್ನೂ ಬಿಡ್ತಿಲ್ವೇ ಅದು? ಹತ್ತು ನಿಮಿಷಕ್ಕೆ ಸರಿಯಾಗಿ ಮಲಗುತ್ತೆ ತಾನೇ?" ಎಂದರು.

ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದೆ. ಬೀಜದ ಮೂಟೆಗಳಿದ್ದ ಕೋಣೆಯಲ್ಲೇ ಗುಮಾಸ್ತರ ಮೇಜುಗಳೂ ಇದ್ದವಂತೆ. ಸಂಜೆ ಜನ ಮನೆಗೆ ಹೋದ ಮೇಲೆ ಕೋಣೆ ನಿಲ್ಲಬೇಕು. ನಿಂತರೆ ಬೀಜಕ್ಕೆ ಹುಳ ಬೀಳುವುದಿಲ್ಲ, ಮುಗ್ಗುವುದಿಲ್ಲ, ಹತ್ತು ವರ್ಷವಾದರೂ ನಿನ್ನೆ ಒಕ್ಕಿದ ಹಾಗೆ ಇರುತ್ತದೆ. ಇಂಥ ಸೌಕರ್ಯ ಬೇರೆ ಯಾವ ಊರಿಗಿದೆ ಎಂದು ಅವರು ಕೇಳಿದರು. ಕಂಪ್ಯೂಟರುಗಳು ಬಂದ ಹೊಸದರಲ್ಲಿ ರಾತ್ರಿಯಿಡೀ ಎದ್ದಿದ್ದು ಅರ್ಧ ಉಗ್ರಾಣ ಹಾಳಾಗಿತ್ತಂತೆ. ಅದಕ್ಕೇ ಆ ಬೀಗ.

"ಬೀಜ ಮಲಗಿರ್ಬೇಕು ನೋಡಿ. ಎಚ್ಚರ ಆಯ್ತೋ, ಕೆಟ್ಟಿತು."

"ನಮ್ಮ ಮನೇಲಿರೋದು ಬೀಜ ಅಲ್ಲ ಸಾರ್, ಮಗು," ಎಂದ ತಿಪ್ಪೇಶ.

ನಾಡಿಗರು ಕಾಲು ಮಡಚಿಕೊಂಡರು. ಪಾಸ್‌ವರ್ಡ್ ನೆನಪಿಲ್ಲ ಎಂದರು. ಅದನ್ನು ಕಾಗದದ ಮೇಲೆ ಬರೆದಿಡಬಾರದು ಎಂದು ನಿಗಮದವರಿಗೆಲ್ಲ ಹೇಳುತ್ತಿದ್ದವರು ತಾವೇ. ತಮ್ಮ ಮಾತನ್ನು ಪಾಲಿಸಿದವರು ಪ್ರಾಯಶಃ ತಾವೊಬ್ಬರೇ. ಸುಮ್ಮನೆ ಹೇಳುತ್ತಿಲ್ಲವೆಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದರು. ಒಂದೆರಡು ಪದ ಹೇಳಿದರು. ಮನೆಗೆ ಬಂದು ಒತ್ತಿ ನೋಡಿದಾಗ ಅವು ಯಾವುವೂ ಆಗಿರಲಿಲ್ಲ.

ಎದ್ದು ಹೊರಡುವಾಗ, ಆ ಬೀಗವನ್ನು ಒಬ್ಬನೇ ಒಬ್ಬ ಗೆದ್ದಿದ್ದ ಎಂದು ಅವರು ತಾವಾಗಿ ಹೇಳತೊಡಗಿದರು. ಜಯರುದ್ರ ಎಂಬ ಗುಮಾಸ್ತ. ಊಟದ ಮೇಲೆ ಮೂಟೆಗಳ ಹಿಂದೆ ಮಲಗುವ ಅಭ್ಯಾಸ ಅವನಿಗೆ. ಯಂತ್ರ ಮಲಗಿದರೆ ಮೇಲಿನವರಿಗೆ ಗೊತ್ತಾಗುತ್ತದೆಂದು, ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಅದರ ಮೇಲೆ ಮೌಸ್ ಕೂರಿಸುತ್ತಿದ್ದ. ಅಡಿಯಲ್ಲಿ ಸೆಕೆಂಡಿನ ಮುಳ್ಳು ಓಡುತ್ತಿದ್ದರೆ ಮೌಸಿನ ಕಣ್ಣಿಗೆ ಯಾರೋ ತನ್ನನ್ನು ಅಲುಗಿಸುತ್ತಿದ್ದಾರೆ ಎನ್ನಿಸುತ್ತದೆ. ಒಂದು ಶನಿವಾರ ಗಡಿಯಾರ ಮರೆತು ಮನೆಗೆ ಹೋದ. ಸೋಮವಾರ ಬಾಗಿಲು ತೆಗೆದರೆ, ಮಳೆಗೆ ನೆನೆದಿದ್ದ ಹೆಸರುಕಾಳಿನ ಮೂಟೆಗಳೆಲ್ಲ ಮೊಳೆತು ಹೊಲಿಗೆ ಬಿಚ್ಚಿಕೊಂಡಿದ್ದವು.

"ದರಿದ್ರ ನನ್ಮಗ," ಎಂದರು ನಾಡಿಗರು. ಇಷ್ಟು ವರ್ಷಗಳ ಮೇಲೂ ಅವರಿಗೆ ಸಿಟ್ಟು ಆರಿರಲಿಲ್ಲ.

ಓಣಿಯ ತಿರುವಿನಲ್ಲಿ ತಿಪ್ಪೇಶ ನನ್ನ ಮಣಿಕಟ್ಟು ನೋಡಿ, "ಟೀಚರ್, ನಿಮ್ದು ಕೀಲಿ ಕೊಡೋ ವಾಚಾ?" ಎಂದು ಕೇಳಿದ.

ಹೌದು, ಅದು ಕೀಲಿ ಕೊಡುವ ವಾಚು. ಕೆಲಸ ಸಿಕ್ಕಿದಾಗ ಕೊಂಡದ್ದು. ಮುಳ್ಳು ಕಪ್ಪು, ಮುಖ ಬಿಳಿ. ಅದನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಪಟ್ಟಿಯ ಎರಡು ಕಡೆಗೂ ಗಾಯಕ್ಕೆ ಹಾಕುವ ಟೇಪು ಅಂಟಿಸಿ, ಮೌಸಿನ ಕೆಂಪು ಬೆಳಕು ಸರಿಯಾಗಿ ಸೆಕೆಂಡಿನ ಮುಳ್ಳಿನ ದಾರಿಯಲ್ಲಿ ಬೀಳುವ ಹಾಗೆ ಕೂರಿಸಲು ಒಂದು ಸಂಜೆ ಹಿಡಿಯಿತು. ಸರಿಯಾಗಿ ಕೂತಾಗ ಪರದೆಯ ಮೇಲಿನ ಬಾಣದ ಗುರುತು ನಿಮಿಷಕ್ಕೊಮ್ಮೆ ಕೂದಲೆಳೆಯಷ್ಟು ನಡುಗಿತು. ನಾನು ಬಾಗಿಲು ಹಾಕಿಕೊಂಡು ಎದುರಿಗೆ ಕೂತೆ. ಹತ್ತು ನಿಮಿಷ ಕಳೆಯಿತು, ಇಪ್ಪತ್ತು ಕಳೆಯಿತು. ಒಂದು ಗಂಟೆಯ ಮೇಲೆ ಹೊರಬಂದು, ಪರೀಕ್ಷೆ ಮುಗಿಯಿತು, ಯಂತ್ರ ಮಲಗಲಿಲ್ಲ ಎಂದು ಹೇಳಿದೆ.

ಓಬಮ್ಮ ಸೊಪ್ಪು ಬಿಡಿಸುತ್ತಿದ್ದರು. ತಲೆಯೆತ್ತಿ ಸೊಸೆಯ ಕಡೆ ನೋಡಿದರು. ಕುಮುದ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಹೆರಿಗೆಯಾದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ.

"ನೀವು ಒಳಗಿದ್ರಲ್ಲ ಟೀಚರ್. ನಿಮ್ಮ ಎಚ್ಚರಕ್ಕೇ ವಾಚು ಓಡಿರುತ್ತೆ."

"ಟೀಚರಮ್ಮ ಕಾವ್ಲು ಕೂತಾಗ ಯಾವ್ ಹುಡುಗ ತಾನೆ ಮಲಗ್ತಾನೆ," ಎಂದು ಓಬಮ್ಮ ಸೇರಿಸಿದರು.

ಅದು ನಮ್ಮ ಊರಿನವರು ಮಾತ್ರ ಮಾಡಬಹುದಾದ ತಪ್ಪು. ಒಳಗೆ ಕೂತು ನೋಡಿದರೆ ನಮ್ಮನ್ನೇ ನೋಡಿಕೊಂಡಂತೆ. ಹೊರಗಿದ್ದು ನೋಡಲು ಒಂದೇ ದಾರಿ. ಮರುದಿನ ಹಗಲು ಕೂಸನ್ನು ನಡುಮನೆಗೆ ತಂದು, ತೊಟ್ಟಿಲ ಕೋಣೆಯಲ್ಲಿ ಹೆಪ್ಪು ಹಾಕಿದ ಹಾಲಿನ ಬಟ್ಟಲು ಇಟ್ಟು, ಕದ ಎಳೆದುಕೊಂಡೆವು. ನಾನು ಕಾಲೇಜಿಗೆ ಹೋದೆ. ಎರಡನೇ ಅವಧಿಯಲ್ಲಿ ಲೋಲಕದ ಪಾಠವಿತ್ತು. ಸಂಜೆ ಬಂದಾಗ ಕುಮುದ ಬಟ್ಟಲನ್ನು ನನ್ನೆದುರು ಬೋರಲು ಹಿಡಿದಳು. ಮೊಸರು ಬೀಳಲಿಲ್ಲ.

ಕಂಪ್ಯೂಟರ್ ಎದ್ದಿರುವುದರಿಂದ ಗಡಿಯಾರ ನಡೆಯುತ್ತಿತ್ತು. ಗಡಿಯಾರ ನಡೆಯುತ್ತಿರುವುದರಿಂದ ಕಂಪ್ಯೂಟರ್ ಎದ್ದಿತ್ತು. ಯಾರಾದರೂ ಇದನ್ನು ಪ್ರಶ್ನೆಪತ್ರಿಕೆಯಲ್ಲಿ ಹಾಕಿದ್ದರೆ, ಪ್ರಶ್ನೆಯೇ ತಪ್ಪು ಎಂದು ನಾನು ಹೊಡೆದುಹಾಕುತ್ತಿದ್ದೆ. ಆ ಕೋಣೆಯಲ್ಲಿ ಅದು ನಡೆಯಿತು. ದೀಪ ಹಚ್ಚುವ ಹೊತ್ತಿಗೆ ಗಡಿಯಾರಕ್ಕೆ ಕೀಲಿ ಕೊಡುವುದು ಓಬಮ್ಮನ ಕೆಲಸವಾಯಿತು. ಮೌಸನ್ನು ಎತ್ತದೆ, ಅದರ ಕೆಳಗೆ ಎರಡು ಬೆರಳು ತೂರಿಸಿ ಕೀಲಿ ತಿರುಗಿಸುವುದನ್ನು ಅವರು ಬೇಗ ಕಲಿತರು. ಹೆಪ್ಪಿನ ಬಟ್ಟಲು ಪ್ರತಿ ಸಂಜೆ ಏಳಕ್ಕೆ ತೊಟ್ಟಿಲ ಪಕ್ಕಕ್ಕೆ ಹೋಗುತ್ತಿತ್ತು, ಬೆಳಿಗ್ಗೆ ಮೊದಲು ಅದನ್ನು ನೋಡಿ ಆಮೇಲೆ ಕೂಸನ್ನು ನೋಡುತ್ತಿದ್ದರು. ಕುಮುದ ನಿದ್ದೆ ಮಾಡಿದಳು. ಹಾಲು ಮತ್ತೆ ಇಳಿಯತೊಡಗಿತು.

ಸಿಸ್ಟರ್ ಮಂಗಳವಾರ ಮಂಗಳವಾರ ಬಂದು ತೂಗಿದರು. ಎರಡು ಕಿಲೋ ದಾಟಿತು. ಡಿಸೆಂಬರ್ ಮಧ್ಯದಲ್ಲಿ ಕೂಸಿಗೆ ನೆಗಡಿಯಾಗಿ ಒಂದು ವಾರ ಮುಳ್ಳು ಬಹುಮಟ್ಟಿಗೆ ಅಲ್ಲೇ ನಿಂತಿತು. ಇಪ್ಪತ್ತೆರಡನೇ ತಾರೀಖಿಗೆ ಎರಡು ಕಿಲೋ ಮುನ್ನೂರ ತೊಂಬತ್ತು. ಅಷ್ಟರಲ್ಲಿ ಬಟ್ಟೆ ಒಗೆಯಲು ಕೆರೆಗೆ ಹೋದವರು ನೀರಿನ ಮೇಲೆ ಬೆಳ್ಳಗೆ ಎದ್ದಿರುವುದನ್ನು ನೋಡಿ ಬಂದು ಹೇಳತೊಡಗಿದ್ದರು. ಇನ್ನೊಂದು ವಾರ ಸಿಕ್ಕರೆ ಸಾಕು ಎಂದರು ಸಿಸ್ಟರ್. ಆದರೆ ಒಂದು ರಾತ್ರಿಯೂ ತಪ್ಪಬಾರದು.

ಇಪ್ಪತ್ತೆಂಟನೇ ತಾರೀಖು ಸೋಮವಾರ ರಾತ್ರಿ 9 ಗಂಟೆ 40 ನಿಮಿಷಕ್ಕೆ ಸಂತೆಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಊರೆಲ್ಲ ಕತ್ತಲಾಯಿತು. ನಾನು ಮೇಲೆ ಪುಸ್ತಕ ಓದುತ್ತಿದ್ದೆ; ಹೊತ್ತನ್ನು ಬರೆದಿಟ್ಟುಕೊಂಡದ್ದು ಅಭ್ಯಾಸಬಲದಿಂದ. ತಿಪ್ಪೇಶ ಆ ರಾತ್ರಿ ಘಟ್ಟದ ಕೆಳಗಿದ್ದ; ಮನೆಯಲ್ಲಿದ್ದ ಹೆಂಗಸರು ಒಂಬತ್ತಕ್ಕೇ ಮಲಗುವವರು. ಎಬ್ಬಿಸಬೇಕೆಂದು ಇಳಿದು ಹೋಗಿ ಕದ ತಟ್ಟಿದೆ. ಯಾರಿಗೂ ಎಚ್ಚರವಾಗಲಿಲ್ಲ. ಎಚ್ಚರವಿಲ್ಲದ ಕೋಣೆಗೆ ಹೊರಗಿನ ಸದ್ದು ಹೋಗುವುದಿಲ್ಲ. ಕರೆಂಟು ಬಂದದ್ದು ಬೆಳಿಗ್ಗೆ ಐದೂವರೆಗೆ. ಬಂದರೂ, ಒಮ್ಮೆ ಆರಿದ ಕಂಪ್ಯೂಟರ್ ಗುಂಡಿ ಒತ್ತದೆ ತಾನಾಗಿ ಏಳುವುದಿಲ್ಲ.

ಆರಕ್ಕೆ ಸೈರನ್ ಕೂಗಿತು. ಕಿಟಕಿ ತೆರೆದಾಗ ಎದುರು ಮನೆ ಕಾಣಿಸಲಿಲ್ಲ. ಕಾವಳ ಬೀದಿಗೆ ಇಳಿದಿತ್ತು. ಅಕ್ಕಪಕ್ಕದಲ್ಲಿ ಹೆಂಗಸರು ಬಟ್ಟಲು ಬಟ್ಟಲು ಹಾಲನ್ನು ನೋಡಿಕೊಂಡು ಮಾತಾಡುತ್ತಿದ್ದರು. ಅವರಲ್ಲಿ ಯಾರ ಮನೆಯಲ್ಲೂ ಮೊಸರಾಗಿರಲಿಲ್ಲ, ಹೋಟೆಲಿನಲ್ಲಿ ಇಡ್ಲಿಯಿರಲಿಲ್ಲ.

ನಾನು ಕೆಳಗಿಳಿದೆ. ಕುಮುದ ತೊಟ್ಟಿಲ ಕೋಣೆಯ ನೆಲದ ಮೇಲೆ ಕೂತಿದ್ದಳು. ಬಟ್ಟಲು ಅವಳ ಮುಂದಿತ್ತು. ಓಬಮ್ಮ ಗೋಡೆಗೆ ಒರಗಿ ನಿಂತಿದ್ದರು. ಪರದೆ ಕಪ್ಪಗಿತ್ತು. ಬಟ್ಟಲನ್ನು ನಾನೇ ಎತ್ತಿ ಓರೆ ಮಾಡಿದೆ, ಇನ್ನೂ ಓರೆ ಮಾಡಿದೆ. ಮೊಸರು ಅಂಚು ಬಿಟ್ಟು ಕದಲಲಿಲ್ಲ.

"ನೀನು ಎದ್ದಿದ್ದೆ, ಒಪ್ಕೋ," ಎಂದರು ಓಬಮ್ಮ ಸೊಸೆಗೆ.

"ಇಲ್ಲ ಅತ್ತೆ. ಎರಡು ಸಲ ಹಾಲು ಕೊಡೋಕೆ ಎದ್ದೆ. ಕರೆಂಟಿಲ್ಲ ಅಂತ ಗೊತ್ತಾಯ್ತು, ಕೂತಿರ್ಬೇಕು ಅಂತ್ಲೇ ಕೂತೆ, ಎರಡು ಸಲವೂ ನಿದ್ದೆ ಬಂದ್ಬಿಡ್ತು. ನೀವೇ ಎದ್ದಿರ್ಬೇಕು."

"ನಾನು ಹೆಣದಂಗೆ ಮಲಗಿದ್ದೆ ಕಣೇ."

ನಾನು ಮೌಸ್ ಎತ್ತಿ ಗಡಿಯಾರ ನೋಡಿದೆ. ಅದು ಓಡುತ್ತಿತ್ತು. ನನ್ನ ಮೇಜಿನ ಗಡಿಯಾರವನ್ನು ಸೈರನ್ನಿಗೆ ಸರಿಮಾಡಿ ಜೊತೆಗೆ ತಂದಿದ್ದೆ. ಎರಡನ್ನೂ ಪಕ್ಕಪಕ್ಕ ಇಟ್ಟೆ. ಕೋಣೆ ನಿಂತ ಹೊತ್ತೆಲ್ಲ ಈ ಗಡಿಯಾರವೂ ನಿಂತಿರುತ್ತದೆ. ಎಷ್ಟು ಹಿಂದೆ ಬಿದ್ದಿದೆಯೋ ಅಷ್ಟು ಹೊತ್ತು ಅಲ್ಲಿ ಯಾರೂ ಎದ್ದಿರಲಿಲ್ಲ ಎಂದರ್ಥ. ಕತ್ತಲಾದಾಗಿನಿಂದ ಸೈರನ್ನಿನವರೆಗೆ ಎಂಟು ಗಂಟೆ ಇಪ್ಪತ್ತು ನಿಮಿಷ. ಕುಮುದ ಎರಡು ಸಲ ಎದ್ದದ್ದಕ್ಕೆ ಒಟ್ಟು ಒಂದು ಗಂಟೆ ಎಂದು ಉದಾರವಾಗಿಯೇ ಬಿಟ್ಟೆ. ಗಡಿಯಾರ ಏಳು ಗಂಟೆಗೂ ಹೆಚ್ಚು ಹಿಂದಿರಬೇಕಿತ್ತು. ಐದು ಗಂಟೆ ಕೂಡ ಹಿಂದಿರಲಿಲ್ಲ. ಎರಡೂವರೆ ಗಂಟೆಯಷ್ಟು ಹೊತ್ತು ಆ ಕತ್ತಲ ಕೋಣೆಯಲ್ಲಿ ಯಾರೋ ಎಚ್ಚರವಾಗಿದ್ದರು.

ಇದನ್ನು ಜೋರಾಗಿ ಹೇಳಿದೆ. ಆಮೇಲೆ ಮೂವರೂ ಒಟ್ಟಿಗೆ ತೊಟ್ಟಿಲ ಕಡೆ ತಿರುಗಿದೆವು.

ಕೂಸು ಅಳುತ್ತಿರಲಿಲ್ಲ. ಕೈಯೆರಡನ್ನೂ ಬಟ್ಟೆಯಿಂದ ಬಿಡಿಸಿಕೊಂಡು, ತೊಟ್ಟಿಲ ಹಗ್ಗ ಕಟ್ಟಿದ್ದ ಮೇಲಿನ ಕೊಂಡಿಯನ್ನು ನೋಡುತ್ತಿತ್ತು. ಕುಮುದ ಬಗ್ಗಿದಾಗ ನೋಟ ಕೊಂಡಿಯಿಂದ ಅವಳ ಮುಖಕ್ಕೆ ಇಳಿಯಿತು, ಅಲ್ಲೇ ನಿಂತಿತು. ಬಾಯಿಯ ಒಂದು ಕೊನೆ ಮೇಲಕ್ಕೆ ಹೋಯಿತು, ಆಮೇಲೆ ಇನ್ನೊಂದು.

"ಎಚ್ಚರ ಸೇರ್ತು," ಎಂದರು ಓಬಮ್ಮ. ಬಟ್ಟಲಿಗೆ ಬೆರಳದ್ದಿ ಮೊಸರನ್ನು ಕೂಸಿನ ಹಣೆಗೆ ಇಟ್ಟರು. "ಹೆಸ್ರು ಇಡೇ. ಕ್ಯಾಲೆಂಡರ್ ನೋಡೋ ಕೆಲ್ಸ ಇಲ್ಲ."

ಕುಮುದ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ಏನೋ ಹೇಳಿದಳು. ಅದು ಮೊದಲು ಮಗುವಿಗೇ ತಿಳಿಯಬೇಕಾದದ್ದು. ನಾನು ಕಿಟಕಿಯ ಸಂದಿಗಳಿಗೆ ಹಳೆಯ ಸೀರೆಯ ತುಂಡು ತುರುಕುತ್ತ ನಿಂತೆ. ಹೊರಗೆ ಕಾವಳ ಇನ್ನಷ್ಟು ದಟ್ಟವಾಗಿತ್ತು.

ಸಿಸ್ಟರ್ ಫಿಲೋಮಿನಾ ತಡವಾಗಿ ಬಂದರು. ದಾರಿ ಕಾಣದೆ ಎರಡು ಸಲ ಬೇರೆ ಮನೆಯ ಮೆಟ್ಟಿಲು ಹತ್ತಿದ್ದರಂತೆ. ಸ್ವೆಟರಿನ ಮೇಲೆ ಸಣ್ಣ ಹನಿಗಳಿದ್ದವು. ಒರೆಸಿಕೊಂಡು, ಕೈ ಬೆಚ್ಚಗೆ ಮಾಡಿಕೊಂಡು, ತಕ್ಕಡಿಯನ್ನು ಬಾಗಿಲ ಕೊಂಡಿಗೆ ತಗುಲಿಸಿದರು. ನಿನ್ನೆ ರಾತ್ರಿ ಹೇಗೆ ಮಾಡಿದಿರಿ, ಕರೆಂಟಿರಲಿಲ್ಲವಲ್ಲ ಎಂದು ಕೇಳಿದರು. ನಾನೊಬ್ಬಳು ಎದ್ದಿದ್ದೆ ಎಂದು ನಮ್ಮಲ್ಲಿ ಯಾರಾದರೂ ಹೇಳುತ್ತಾರೆಂದು ಅವರು ಕಾದಂತಿತ್ತು. ಆಮೇಲೆ ಕಾರ್ಡು ತೆಗೆದು, ಹಳೆಯ ಸಾಲನ್ನು ನೋಡಿ, ಅಭ್ಯಾಸದಂತೆ 'ಕುಮುದಳ ಕೂಸು' ಎಂದು ಓದಿದರು.

"ಸಂಪಿಗೆ," ಎಂದಳು ಕುಮುದ. "ಹಾಗೆ ಬರ್ಕೊಳ್ಳಿ ಸಿಸ್ಟರ್."

ಸಿಸ್ಟರ್ ಹಳೆಯದನ್ನು ಹೊಡೆದು ಹೊಸದನ್ನು ಬರೆದರು. ಕೂಸನ್ನು ಜೋಳಿಗೆಗೆ ಇಳಿಸಿ ಕೈ ಬಿಟ್ಟರು. ಅದು ಕಾಲು ಜಾಡಿಸಿದ್ದರಿಂದ ಮುಳ್ಳು ಕೆಲಹೊತ್ತು ಆಚೀಚೆ ಆಡಿತು. ನಾವು ಕಾದೆವು. ಮುಳ್ಳು ನಿಂತ ಮೇಲೆ ಸಿಸ್ಟರ್ ಕನ್ನಡಕ ಏರಿಸಿ ಓದಿದರು, ನಾನೂ ಬಗ್ಗಿ ಓದಿದೆ. ಎರಡು ಕಿಲೋ ಐನೂರ ಹತ್ತು ಗ್ರಾಂ.